ಮೇಲ್ದವಡೆ, ಪೂರ್ಣ ಸೆಟ್, ಸಂಖ್ಯೆ ಹದಿನಾಲ್ಕು

ನೀರು ಸರಬರಾಜು ಮಂಡಳಿಗೆ ಐವತ್ತು ವರ್ಷ ತುಂಬಿದ ದಿನ ಕೇಕಿನ ಮೇಲೆ ಐವತ್ತು ಮೇಣದಬತ್ತಿಗಳಿದ್ದವು. ಅವನ್ನು ಊದಬೇಕಾದವರು ಮುಖ್ಯ ಇಂಜಿನಿಯರ್. ಇಪ್ಪತ್ತಾರು ಆರಿಸುವಷ್ಟರಲ್ಲಿ ಅವರ ಉಸಿರು ಮುಗಿಯಿತು. ಪಕ್ಕದಲ್ಲಿ ನಿಂತಿದ್ದ ಉಗ್ರಾಣಾಧಿಕಾರಿಯ ಕಡೆ ತಿರುಗಿ, "ಉಳಿದಿದ್ದು ನೀವು ನೋಡ್ಕೊಳ್ರೀ" ಎಂದರು.

ಉಗ್ರಾಣಾಧಿಕಾರಿ ಊದಿದರು. ಇಪ್ಪತ್ನಾಲ್ಕೂ ಒಟ್ಟಿಗೆ ಆರಿದವು. ಅದೇ ಗಾಳಿಗೆ ಅವರ ಮೇಲಿನ ಸಾಲಿನ ಮುಂದಿನ ನಾಲ್ಕು ಕಟ್ಟಿಸಿದ ಹಲ್ಲುಗಳು, ಒಂದಕ್ಕೊಂದು ಅಂಟಿಕೊಂಡೇ ಹಾರಿ, ಕೇಕಿನ ಬಲಮೂಲೆಯ ಕೆನೆಯೊಳಗೆ ಇಳಿದವು. ಚಪ್ಪಾಳೆಯ ಸದ್ದಿನಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದು ಉಗ್ರಾಣಾಧಿಕಾರಿಗೆ ಮಾತ್ರ; ಅವರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಬಲಮೂಲೆಯ ತುಂಡು ಯಾರ ತಟ್ಟೆಗೆ ಹೋಗುತ್ತದೆಂದು ನೋಡುತ್ತ ನಿಂತರು. ಅದು ಮುಖ್ಯ ಇಂಜಿನಿಯರ್ ತಟ್ಟೆಗೆ ಹೋಯಿತು.

"ಪರವಾಗಿಲ್ವೇ, ಈ ಸಲ ಬಾದಾಮಿ ಹಾಕಿಸಿದಾರೆ," ಎಂದು ಮುಖ್ಯ ಇಂಜಿನಿಯರ್ ಚಮಚದಿಂದ ಕೆನೆ ಸರಿಸಿದರು. "ಇದೇನ್ರೀ, ನಾಲ್ಕೂ ಸಾಲಾಗಿ ಕೂತಿವೆ?"

ಉಗ್ರಾಣಾಧಿಕಾರಿ ಎರಡು ಬೆರಳಿನಲ್ಲಿ ಆ ಬಾದಾಮಿಗಳನ್ನು ಎತ್ತಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಅರವತ್ತು ಜನ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು.

"ಅದು ತಾತ್ಕಾಲಿಕ ವ್ಯವಸ್ಥೆ ಸರ್," ಎಂದರು. "ಖಾಯಂ ಹಲ್ಲು ಫಾರಿನ್ನಲ್ಲಿ ಹಾಕಿಸ್ತಾ ಇದೀನಿ."

ಆ ಕ್ಷಣದವರೆಗೆ ಅವರಿಗೆ ಅಂಥ ಯೋಚನೆ ಇರಲಿಲ್ಲ. ಪಾಸ್‌ಪೋರ್ಟೂ ಇರಲಿಲ್ಲ. ತಾತ್ಕಾಲಿಕ ವ್ಯವಸ್ಥೆಗೆ ಹನ್ನೊಂದು ವರ್ಷ ವಯಸ್ಸಾಗಿತ್ತು.

ಇಲ್ಲಿ ಉಗ್ರಾಣಾಧಿಕಾರಿಯ ಬಗ್ಗೆ ಎರಡು ಮಾತು. ಮಂಡಳಿಯ ಪೈಪು, ವಾಲ್ವು, ನಟ್ಟು, ಬೋಲ್ಟು, ವಾಷರುಗಳೆಲ್ಲ ಇಪ್ಪತ್ತೊಂಬತ್ತು ವರ್ಷಗಳಿಂದ ಅವರ ಕೈಯಿಂದಲೇ ಹಾದು ಹೋಗುತ್ತಿದ್ದವು. ಕಚೇರಿಯಲ್ಲೂ ಬೀದಿಯಲ್ಲೂ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಷರತ್ತಪ್ಪ ಎಂದು. ಷರತ್ತು ಹಾಕದೆ ಅವರು ಏನನ್ನೂ ತರಿಸಿದವರಲ್ಲ. ಮನೆಗೆ ಹಾಲು ಹಾಕುವವನಿಗೂ ಒಮ್ಮೆ ಏಳು ಷರತ್ತುಗಳ ಚೀಟಿ ಕೊಟ್ಟಿದ್ದರು. ಅವನು ಮಾರನೆಯ ದಿನದಿಂದ ಆ ಬೀದಿಗೇ ಬರಲಿಲ್ಲ.

ಷರತ್ತಪ್ಪನವರು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಅವರ ಹಿಂದೆ, ಶಾಲೆಯಲ್ಲಿ ಆಟ ಕಲಿಸುವ ಮೇಷ್ಟ್ರಾದ ಬಾಮೈದ ನಿಂತಿದ್ದ. ಸೋಡಾ ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲೇ ತೆಗೆಯುವವನು.

"ಫಾರಿನ್ ಅಂತೆ?" ಎಂದರು ಹೆಂಡತಿ. "ಕ್ಷೌರಕ್ಕೆ ಹೋಗೋಕೆ ಮೂರು ವಾರ ಯೋಚನೆ ಮಾಡ್ತೀರಿ."

"ಬಾಯಿಗೆ ಬಂತು, ಅಂದ್ಬಿಟ್ಟೆ ಕಣೇ."

"ಹಲ್ಲಿದ್ದಿದ್ರೆ ತಡೀತಿತ್ತು ಭಾವ," ಎಂದ ಬಾಮೈದ.

ಮೂರನೇ ತಿರುವಿನ ದಂತವೈದ್ಯರು ಟಾರ್ಚು ಬಿಟ್ಟು ನೋಡಿದರು. ಕೆಳಗಿನ ಸಾಲು ಗಟ್ಟಿ. ಮೇಲಿನ ಸಾಲಿನಲ್ಲಿ ಉಳಿದಿರುವ ಆರೂ ಅಲ್ಲಾಡುತ್ತಿವೆ, ತೆಗೆಯಲೇಬೇಕು. ಆಮೇಲೆ ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಪೂರ್ತಿ ಸಾಲು ಕಟ್ಟಬೇಕು. "ಇದು ನಾನು ಕೈ ಹಾಕೋ ಕೆಲ್ಸ ಅಲ್ಲ. ಅದಕ್ಕೇ ಅಂತ ಓದಿರೋರು ಈ ಊರಲ್ಲೂ—"

"ಫಾರಿನ್ನು," ಎಂದರು ಷರತ್ತಪ್ಪನವರು. ಅರವತ್ತು ಜನರ ಮುಂದೆ ಆಡಿದ ಮಾತು.

ದಂತವೈದ್ಯರ ಮುಖ ಸಣ್ಣದಾಯಿತು. "ಸರಿ. ಹಾಗಾದ್ರೆ ಟಿಕೆಟ್ ತಗೊಳೋಕ್ಮುಂಚೆ ಕ್ಲಿನಿಕ್‌ನೋರಿಗೆ ಸರಿಯಾಗಿ ಪ್ರಶ್ನೆ ಕೇಳಿ."

"ಏನೇನು ಕೇಳ್ಬೇಕು?"

"ಎಲ್ಲಾ ಕೇಳಿ."

ಷರತ್ತಪ್ಪನವರಿಗೆ ಜೀವನದಲ್ಲಿ ಯಾರೂ ಇಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ. ಹೋಗುವಾಗ ಒಂದು ವಿವರ ಮಾತ್ರ ಕೇಳಿದರು: ಮೇಲಿನ ಸಾಲಿನಲ್ಲಿ ಬುದ್ಧಿಹಲ್ಲು ಬಿಟ್ಟು ಒಟ್ಟು ಎಷ್ಟು ಹಲ್ಲು? ಹದಿನಾಲ್ಕು, ಎಂದರು ವೈದ್ಯರು.

ಮಂಡಳಿಯ ಉಗ್ರಾಣಕ್ಕೆ ಏನು ತರಿಸಬೇಕಾದರೂ ನಮೂನೆ ಹನ್ನೊಂದು ಎಂಬ ಅರ್ಜಿ ತುಂಬಬೇಕು. ಮೊದಲ ಸಾಲಿನಲ್ಲಿ ವಸ್ತುವಿನ ಹೆಸರು, ಎದುರಿಗೆ ಸಂಖ್ಯೆ. ಸಂಖ್ಯೆಯ ವಿಷಯದಲ್ಲಿ ಉಗ್ರಾಣಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ‘ಸೆಟ್’ ಎಂಬುದನ್ನು ಒಂದು ಎಂದು ಬರೆಯಕೂಡದು. ಷರತ್ತಪ್ಪನವರು ಕೆಲಸಕ್ಕೆ ಸೇರಿದ ವರ್ಷ ಹನ್ನೆರಡು ಸ್ಪ್ಯಾನರ್‌ಗಳ ಒಂದು ಸೆಟ್ ಬಂದಿತ್ತು. ಬಿಚ್ಚಿದಾಗ ಒಳಗಿದ್ದದ್ದು ಹನ್ನೊಂದು. ಆ ಹನ್ನೆರಡನೆಯ ಸ್ಪ್ಯಾನರ್‌ ಬಗ್ಗೆ ನಾಲ್ಕು ವರ್ಷ ವಿಚಾರಣೆ ನಡೆಯಿತು. ಅಂದಿನಿಂದ ಸೆಟ್ಟಿನ ಒಳಗೆ ಎಷ್ಟಿವೆಯೋ ಅದನ್ನೇ ಎಣಿಸಿ ಬರೆಯುವುದು ಪದ್ಧತಿ. ಹಾಗಾಗಿ ಷರತ್ತಪ್ಪನವರು ತಮ್ಮ ಬಾಯಿಗೆ ತುಂಬಿದ ನಮೂನೆ ಹನ್ನೊಂದರ ಮೊದಲ ಸಾಲು ಹೀಗಿತ್ತು: ‘ಮೇಲ್ದವಡೆ, ಪೂರ್ಣ ಸೆಟ್, ಅಳವಡಿಕೆ ಸಹಿತ. ಸಂಖ್ಯೆ: ಹದಿನಾಲ್ಕು.’ ಉಗ್ರಾಣದ ಹೊರಗಿನ ಪ್ರಪಂಚದಲ್ಲಿ ಯಾರು ಇದನ್ನು ಓದಿದರೂ ಹದಿನಾಲ್ಕು ಜನರ ಬಾಯಿ ಎಂದೇ ಓದುತ್ತಾರೆ. ಆದರೆ ಇಪ್ಪತ್ತೊಂಬತ್ತು ವರ್ಷ ಅವರು ಉಗ್ರಾಣದ ಒಳಗೇ ಇದ್ದವರು.

ಆಮೇಲೆ ಪ್ರಶ್ನೆಗಳು. ಪೈಪಿಗೆ ಕೇಳುವ ಕೆಲವನ್ನು ಹಾಗೆಯೇ ಉಳಿಸಿಕೊಂಡರು: ತುಕ್ಕು ಹಿಡಿಯುವುದಿಲ್ಲವೇ? ಎಷ್ಟು ಒತ್ತಡ ತಡೆಯುತ್ತದೆ? ಹತ್ತು ವರ್ಷದ ನಂತರ ಬಿಡಿಭಾಗ ಸಿಗುತ್ತದೆಯೇ? ಅಳವಡಿಸಿದ ಪ್ರತಿ ಸ್ಕ್ರೂವಿನ ತಯಾರಕರ ಹೆಸರು, ಅಳತೆ, ಬ್ಯಾಚ್ ಸಂಖ್ಯೆ ಬರೆದುಕೊಡುವಿರಾ? ಸಾಮಗ್ರಿ ಮಳೆಯಲ್ಲಿ ನೆನೆಯದಂತೆ ಇಡಲು ನಿಮ್ಮಲ್ಲಿ ಸೂರು ಇದೆಯೇ?

ಮನೆಯವರೂ ಸುಮ್ಮನಿರಲಿಲ್ಲ. ಅತ್ತೆ ಒಳಗಿನಿಂದಲೇ ಕೂಗಿದರು: "ಅಳಿಯಂದ್ರೇ, ಕೆಲ್ಸ ಮಾಡೋದು ಯಾರು ಅಂತ ಬರೀರಿ. ಫೋಟೋದಲ್ಲಿ ನಗ್ತಿರೋ ಡಾಕ್ಟ್ರೋ, ಇಲ್ಲಾ ಅವ್ರ ಕೈಕೆಳಗೆ ಕಲೀತಿರೋರೋ?"

ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಅವರ ಬಾಯಲ್ಲಿ ಸ್ವಂತದ್ದೆಂಬ ಹಲ್ಲು ಒಂದೂ ಇರಲಿಲ್ಲ. "ಗ್ಯಾರಂಟಿ ಕೊಡ್ತಾರಲ್ಲ, ಅದ್ರಲ್ಲಿ ಹೋಗಿಬರೋ ಚಾರ್ಜು ಸೇರಿದ್ಯಾ ಕೇಳಿ ಸಾರ್. ಹಲ್ಲು ಫ್ರೀಯಾಗಿ ರಿಪೇರಿ ಮಾಡ್ತೀವಿ ಅಂತಾರೆ, ವಿಮಾನದ ಟಿಕೆಟ್ ನಿಮ್ಮ ತಲೆಗೆ ಕಟ್ತಾರೆ."

"ವಾಪಸ್ ಬಂದ್ಮೇಲೆ ಊದಿಕೊಂಡ್ರೆ ಯಾರಿಗೆ ತೋರಿಸೋದು, ಅದನ್ನೂ ಕೇಳಿ," ಎಂದರು ಹೆಂಡತಿ. "ಮತ್ತೆ ನಿಮ್ಮ ಸಕ್ಕರೆ ಕಾಯಿಲೆ ಬರೆದ್ರಾ?"

"ಪ್ರಶ್ನೆ ಕೇಳೋದು ನಾವು ಕಣೇ. ನಮ್ಮ ಗುಟ್ಟು ನಾವೇ ಬಿಟ್ಕೊಡೋದಾ?"

ಒಟ್ಟು ನಲವತ್ತೊಂದು ಪ್ರಶ್ನೆಗಳಾದವು. ನಮೂನೆ ಹನ್ನೊಂದರ ಜೊತೆ ಐದು ದೇಶಗಳ ಐದು ಕ್ಲಿನಿಕ್ಕುಗಳಿಗೆ ಹೋದವು. ಇಬ್ಬರು ಉತ್ತರಿಸಲಿಲ್ಲ. ಮೂರನೆಯವರು ಸಮುದ್ರದ ದಂಡೆಯಲ್ಲಿ ನಗುತ್ತಿರುವ ದಂಪತಿಯ ಚಿತ್ರ ಕಳುಹಿಸಿದರು. ನಾಲ್ಕನೆಯವರು ನಲವತ್ತೊಂದು ಪ್ರಶ್ನೆಗೂ ಸೇರಿಸಿ ಒಂದೇ ಉತ್ತರ ಬರೆದರು: ‘ಒಂದೇ ದಿನ! ನೋವೇ ಇಲ್ಲ! ಚಿಂತೆ ಬಿಡಿ! ರಿಯಾಯಿತಿ ಶುಕ್ರವಾರದವರೆಗೆ ಮಾತ್ರ!’ ಐದನೆಯವರಿಂದ ಹತ್ತೊಂಬತ್ತು ಪುಟ ಬಂತು.

ಷರತ್ತಪ್ಪನವರು ಹತ್ತೊಂಬತ್ತು ಪುಟವನ್ನು ಹನ್ನೆರಡು ನಿಮಿಷದಲ್ಲಿ ಪರಿಶೀಲಿಸಿದರು. ಇದನ್ನು ಸ್ವಲ್ಪ ವಿವರಿಸಬೇಕು. ಉಗ್ರಾಣದಲ್ಲಿ ಪ್ರಶ್ನೆ ಕೇಳುವುದು ಉಗ್ರಾಣಾಧಿಕಾರಿಯ ಕೆಲಸ. ಉತ್ತರ ಬಂದ ಮೇಲೆ ಯಾವ ಕಾಲಮೂ ಖಾಲಿ ಇಲ್ಲವೆಂದು ನೋಡಿ ಎದುರಿಗೆ ಟಿಕ್ ಹಾಕುವುದೂ ಅವರದೇ. ಉತ್ತರ ಏನೆಂದು ಓದುವುದು ಎರಡನೇ ಮಹಡಿಯ ತಾಂತ್ರಿಕ ವಿಭಾಗದ ಕೆಲಸ. ಮನೆಗೆ ಎರಡನೇ ಮಹಡಿ ಇರಲಿಲ್ಲ. ಷರತ್ತಪ್ಪನವರು ನಲವತ್ತೊಂದು ಟಿಕ್ ಹಾಕಿ, ಫೈಲು ಕಟ್ಟಿ, ಹತ್ತು ದಿನದ ರಜೆಗೆ ಅರ್ಜಿ ಬರೆದರು.

ವಾರದೊಳಗೆ ಫೋನು ಬಂತು. ಆ ಕ್ಲಿನಿಕ್ಕಿನ ಡಾಕ್ಟರೇ ಮಾತಾಡಿದರು. ಇಲ್ಲೇ ಹುಟ್ಟಿ, ಅಲ್ಲಿ ಓದಿ, ಅಲ್ಲೇ ನೆಲೆಸಿದ ಹೆಣ್ಣುಮಗಳು. ಷರತ್ತಪ್ಪನವರು ಎಲ್ಲರಿಗೂ ಕೇಳಲೆಂದು ಫೋನಿನ ಸ್ಪೀಕರ್ ಒತ್ತಿದರು.

"ಸರ್, ಹದಿನಾಲ್ಕು ಅಂದ್ರೆ ದೊಡ್ಡ ಕೆಲ್ಸ. ನಮ್ಮಮ್ಮನ್ನ ನೋಡೋಕೆ ಹೇಗೂ ಮುಂದಿನ ತಿಂಗಳು ಊರಿಗೆ ಬರ್ತೀನಿ. ನಾನೇ ಬಂದು ಒಂದೊಂದು ಕೇಸೂ ನೋಡ್ತೀನಿ. ಹದಿನಾಲ್ಕು ಕೇಸೂ ಒಂದೇ ಕಡೆ ಸಿಗುತ್ವಾ?"

ಹಲ್ಲಿಗೆ ವೈದ್ಯರ ಭಾಷೆಯಲ್ಲಿ ಕೇಸು ಎನ್ನುತ್ತಾರೆಂದು ಷರತ್ತಪ್ಪನವರು ತಿಳಿದರು. "ಒಂದೇ ಕಡೆ ಡಾಕ್ಟ್ರೇ. ಬೇರೆ ಎಲ್ಲಿಗೆ ಹೋಗ್ತವೆ?"

ಫೋನಿಟ್ಟು ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನೋಡಿ, ಒಬ್ಬ ಮನುಷ್ಯನ ಬಾಯಿ ನೋಡೋಕೆ ಡಾಕ್ಟ್ರು ವಿಮಾನ ಹತ್ತಿ ಬರ್ತಾರೆ. ಪ್ರಶ್ನೆ ಕೇಳೋ ರೀತೀಲಿ ಕೇಳ್ಬೇಕು."

ಡಾಕ್ಟರು ಬರುವ ಹಿಂದಿನ ದಿನ ಬೆಳಿಗ್ಗೆ ಒಂದು ಸಂದೇಶ ಬಂತು. ಷರತ್ತಪ್ಪನವರು ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಿನ್ನುತ್ತಿದ್ದರು. ಕೇಕಿನ ದಿನದಿಂದ ಅವರ ಆಹಾರ ಅದೇ, ಬದಲಾವಣೆ ಬೇಕೆನಿಸಿದರೆ ಬಾಳೆಹಣ್ಣು. ಹೆಂಡತಿ ಗಟ್ಟಿಯಾಗಿ ಓದಿದರು: "ವಿಮಾನ ಹತ್ತುತ್ತಿದ್ದೇನೆ. ನಾಳೆ ಹತ್ತು ಗಂಟೆಗೆ ಹದಿನಾಲ್ಕು ಜನರೂ ತಿಂಡಿ ತಿಂದು ಹಲ್ಲುಜ್ಜಿ ಸಿದ್ಧರಾಗಿರಲಿ. ಹೆಂಗಸರು ಲಿಪ್‌ಸ್ಟಿಕ್ ಹಚ್ಚುವುದು ಬೇಡ."

ಹೆಂಡತಿ ಫೋನು ಕೆಳಗಿಟ್ಟರು. "ರೀ, ನಿಮ್ಮ ಯಾವ್ಯಾವ ಹಲ್ಲು ಲಿಪ್‌ಸ್ಟಿಕ್ ಹಚ್ಕೊಳತ್ತೆ?"

ಬ್ರೆಡ್ಡು ಹಾಲಿನೊಳಗೆ ಮುಳುಗಿತು.

ಹೆಂಡತಿ ಫೈಲು ಬಿಚ್ಚಿದರು. ಅಡುಗೆಮನೆಯ ಮೇಜಿನ ಮೇಲೆ ಹತ್ತೊಂಬತ್ತು ಪುಟ ಹರಡಿಕೊಂಡು, ಕನ್ನಡಕ ಏರಿಸಿ, ಆ ಮನೆಯ ತಾಂತ್ರಿಕ ವಿಭಾಗವಾಗಿ ಕೂತರು. "ಮೊದಲ್ನೇ ಉತ್ತರ ಕೇಳಿ. ‘ಹದಿನಾಲ್ಕು ರೋಗಿಗಳು, ತಲಾ ಒಂದು ಮೇಲ್ದವಡೆ ಸೆಟ್.’ ಒಂಬತ್ನೇದು. ‘ಎರಡು ಸಲ ಬರಬೇಕು. ಮೊದಲ ಸಲ ಸ್ಕ್ರೂ ಕೂರಿಸಿ ತಾತ್ಕಾಲಿಕ ಹಲ್ಲು, ಮೂಳೆ ಹಿಡಿಯೋಕೆ ನಾಲ್ಕರಿಂದ ಆರು ತಿಂಗಳು, ಆಮೇಲೆ ಖಾಯಂ.’ ನೀವು ರಜೆ ಎಷ್ಟು ಬರೆದ್ರಿ?"

"ಹತ್ತು ದಿನ."

"ಮೂವತ್ತೊಂದ್ನೇದು. ‘ನಿಮ್ಮ ಊರಿನ ದಂತವೈದ್ಯರೊಬ್ಬರು, ವಾಪಸಾದ ಮೇಲೆ ನಿಮ್ಮನ್ನು ನೋಡಿಕೊಳ್ಳುತ್ತೇನೆಂದು ಸಹಿ ಹಾಕದಿದ್ದರೆ ನಾವು ಕೆಲಸ ಶುರು ಮಾಡುವುದಿಲ್ಲ.’ ರೀ, ಇವ್ರು ಒಳ್ಳೇ ಜನ. ಎಲ್ಲಾ ನೇರವಾಗಿ ಬರೆದಿದಾರೆ. ನಿಜ ಹೇಳ್ಬಿಡಿ."

ಷರತ್ತಪ್ಪನವರು ಫೋನು ಮಾಡಿದರು. ಡಾಕ್ಟರ ಫೋನು ಆಫ್ ಆಗಿತ್ತು, ಅವರು ಆಕಾಶದಲ್ಲಿದ್ದರು.

"ಬಂದ್ಮೇಲೆ ಹೇಳಿ," ಎಂದರು ಹೆಂಡತಿ.

"ಒಂದೇ ಬಾಯಿ ನೋಡಿ, ಮೋಸ ಅಂತ ತಿರುಗಿ ಹೋಗ್ಬಿಟ್ರೆ? ಆಮೇಲೆ ಉಳಿಯೋದು ಆ ಶುಕ್ರವಾರದೋರು. ಇಲ್ಲಾ ಸಾಯೋವರೆಗೂ ಬ್ರೆಡ್ಡು." ಚಪ್ಪಲಿ ಮೆಟ್ಟಿಕೊಂಡು ಅವರು ಹೊರಟರು. ಹದಿಮೂರು ಬಾಯಿ ಬೇಕಿತ್ತು. ಸಮಯ ಇಪ್ಪತ್ನಾಲ್ಕು ಗಂಟೆ.

ಅತ್ತೆ ಹೊಸಿಲು ದಾಟುವ ಮೊದಲೇ ಒಪ್ಪಿದರು; ಮೊದಲನೇ ನಂಬರು ತಮಗೇ ಎಂದೂ ಹೇಳಿಬಿಟ್ಟರು. ಕಂಡಕ್ಟರು ಕಾಂಪೌಂಡಿನ ಮೇಲಿಂದಲೇ ಕೈ ಎತ್ತಿದರು. ದರ್ಜಿ, ಅವನ ಇಬ್ಬರು ಅಣ್ಣಂದಿರು, ಕಚೇರಿಯ ಟೈಪಿಸ್ಟು, ಜೀಪಿನ ಡ್ರೈವರು, ಕ್ಷೌರದಂಗಡಿಯವರು, ಬೇಕರಿ ಯಜಮಾನ್ತಿ, ಅಂಚೆಯವರು: ಹತ್ತಾಯಿತು. ಬಾಮೈದ ತನ್ನ ಮೂವತ್ತೆರಡು ಹಲ್ಲಿಗೆ ಇದು ಅವಮಾನವೆಂದು ಅರ್ಧ ಗಂಟೆ ವಾದಿಸಿ, ಅಕ್ಕನ ಮುಖ ನೋಡಿ ಒಪ್ಪಿದ. ಮುಖ್ಯ ಇಂಜಿನಿಯರನ್ನು ಕೇಳುವ ಧೈರ್ಯ ಷರತ್ತಪ್ಪನವರಿಗಿರಲಿಲ್ಲ. ಅವರೇ ಕೋಣೆಗೆ ಕರೆಸಿ, ಬಾಗಿಲು ಮುಚ್ಚಿ, ದನಿ ತಗ್ಗಿಸಿದರು: "ನಿಮ್ಮನೇಗೆ ಫಾರಿನ್ ಡಾಕ್ಟ್ರು ಬರ್ತಾರಂತೆ? ಆರು ತಿಂಗಳಿಂದ ನಂಗೆ ಎಡಗಡೆ ಸೆಳೀತಿದೆ ಕಣ್ರೀ. ಚುಚ್ಚುತ್ತಾರೆ ಅಂತ ಯಾರಿಗೂ ಹೇಳಿಲ್ಲ."

ಹನ್ನೆರಡು. ಉಳಿದದ್ದು ಒಂದು. ಸಹಿಯ ವಿಷಯವೂ ಬಾಕಿಯಿತ್ತಲ್ಲ. ಷರತ್ತಪ್ಪನವರು ಸಂಜೆ ಮೂರನೇ ತಿರುವಿಗೆ ಹೋದರು.

"ನಾನು ಸಹಿ ಹಾಕ್ಬೇಕಾ?" ದಂತವೈದ್ಯರು ಕೈಗವಸು ಕಿತ್ತೆಸೆದರು. "ಐದು ದೇಶದೋರಿಗೆ ನಲವತ್ತೊಂದು ಪ್ರಶ್ನೆ. ನಂಗೆ ಒಂದೇ ಒಂದು, ‘ಹಲ್ಲು ಎಷ್ಟು’. ಅದೂ ಹೊಸಿಲ ಮೇಲೆ ನಿಂತ್ಕೊಂಡು!"

"ತಪ್ಪಾಯ್ತು ಡಾಕ್ಟ್ರೇ."

"ಸಹಿ ಇಲ್ಲ. ನಾಳೆ ಬರ್ತೀನಿ, ಆ ಡಾಕ್ಟ್ರು ಏನು ಮಾಡ್ತಾರೆ ಅಂತ ನೋಡೋಕೆ. ಅಷ್ಟೇ."

ಮಾರನೆಯ ದಿನ ಹತ್ತು ಗಂಟೆಗೆ ನಡುಮನೆಯಲ್ಲಿ ಹದಿನಾಲ್ಕು ಕುರ್ಚಿಗಳಿದ್ದವು. ಪ್ರತಿಯೊಬ್ಬರ ಕೈಯಲ್ಲೂ ಉಗ್ರಾಣದ ಹಿತ್ತಾಳೆ ಬಿಲ್ಲೆ, ಅದರ ಮೇಲೆ ನಂಬರು. ನೋಡಲು ಬಂದ ದಂತವೈದ್ಯರು ಖಾಲಿ ಇದ್ದ ಕುರ್ಚಿಯಲ್ಲಿ ಕೂತರು. ಅದು ಹದಿಮೂರನೆಯದು. ಬಾಮೈದ ಮಾತಿಲ್ಲದೆ ಅವರ ಕೈಗೂ ಬಿಲ್ಲೆ ತುರುಕಿದ.

ಡಾಕ್ಟರು ಬಂದರು. ಸಣ್ಣ ಪೆಟ್ಟಿಗೆ, ತಲೆಗೆ ಕಟ್ಟುವ ದೀಪ, ಒಂದೊಂದೇ ಪೊಟ್ಟಣದಲ್ಲಿ ಮೊಹರು ಮಾಡಿದ, ಬಾಯೊಳಗೆ ನೋಡುವ ಕನ್ನಡಿಗಳು. ಒಂದೊಂದು ಬಾಯಿಗೂ ಹೊಸ ಕೈಗವಸು. ಅತ್ತೆ ಬಾಯಿ ತೆರೆದವರು, ಮೊದಲು ತಮ್ಮ ಪ್ರಶ್ನೆ ಕೇಳಿದರು: "ಫೋಟೋದಲ್ಲಿರೋದು ನೀನೇ ತಾನೇ ಮಗಳೇ?"

"ನಾನೇ ಅಮ್ಮ. ಆಪರೇಷನ್ ಮಾಡೋದೂ ನಾನೇ."

"ಹಾಗಾದ್ರೆ ನೋಡು."

ಎರಡನೆಯದು ಕಂಡಕ್ಟರದು. ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ಎಲ್ಲಾ ಸೀಟೂ ಖಾಲಿ ಡಾಕ್ಟ್ರೇ," ಎಂದರು ಕಂಡಕ್ಟರು.

"ಎಷ್ಟು ವರ್ಷದಿಂದ?"

"ಹನ್ನೆರಡು. ಸೆಟ್ಟಿದೆ, ಚೆನ್ನಾಗೇ ಕೂರತ್ತೆ. ಇವ್ರೇ ಬಿಚ್ಚಿಟ್ಟು ಬನ್ನಿ ಅಂದ್ರು. ಹಾಕ್ಕೊಂಡು ಬಂದ್ರೆ ಲೆಕ್ಕಕ್ಕೆ ಬರಲ್ಲ ಅಂತೆ."

ಡಾಕ್ಟರು ಷರತ್ತಪ್ಪನವರ ಕಡೆ ನೋಡಿದರು. ಷರತ್ತಪ್ಪನವರು ಫ್ಯಾನಿನ ಕಡೆ ನೋಡಿದರು.

ಬಾಮೈದನ ಬಾಯಿ ನೋಡಿ ಡಾಕ್ಟರು ಇನ್ನೊಮ್ಮೆ ಎಣಿಸಿದರು. "ಮೂವತ್ತೆರಡೂ ಇವೆ. ಒಂದ್ರಲ್ಲೂ ಕಲೆ ಇಲ್ಲ. ನೀವ್ಯಾಕೆ ಬಂದ್ರಿ?"

"ಭಾವ ಕರೆದ್ರು."

ಮುಖ್ಯ ಇಂಜಿನಿಯರು ತಮ್ಮ ಸರದಿ ಬಂದಾಗ, ಮಂಡಳಿಯ ನೌಕರರೆಲ್ಲ ಗೋಡೆಯ ಕಡೆ ತಿರುಗಬೇಕೆಂದು ಆದೇಶಿಸಿದರು. ಟೈಪಿಸ್ಟು, ಡ್ರೈವರು, ಷರತ್ತಪ್ಪನವರು ತಿರುಗಿದರು. ಕಂಡಕ್ಟರು ಮಂಡಳಿಗೆ ಸೇರಿದವರಲ್ಲವಾದ್ದರಿಂದ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಒಂದು ತುಂಬಿಸಿದ್ರೆ ಸಾಕು ಸರ್. ಹತ್ತು ನಿಮಿಷದ ಕೆಲ್ಸ. ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ಫೈಲು ಮೂವ್ ಆಗ್ಲಿಲ್ಲ," ಎಂದರು ಮುಖ್ಯ ಇಂಜಿನಿಯರು.

ಹದಿಮೂರನೆಯ ಬಿಲ್ಲೆಯವರು ತಾವು ರೋಗಿಯಲ್ಲವೆಂದು ಹೇಳಲು ಬಾಯಿ ತೆರೆದರು. ತೆರೆದ ಬಾಯಿಯೊಳಗೆ ಕನ್ನಡಿ ಹೋಯಿತು. "ಹೂಂ. ಹಿಂದಿನ ದವಡೆಹಲ್ಲಲ್ಲಿ ಹುಳುಕು ಹಿಡಿದಿದೆ, ಸುಮಾರು ಹಳೇದು. ಪಾಪ, ನಿಮ್ಮ ಮನೆ ಹತ್ರ ಡೆಂಟಿಸ್ಟ್ ಯಾರೂ ಇಲ್ವಾ?"

ಅಂಚೆಯವರು ಹೊರಗೆ ಹೋಗಿ ಕೆಮ್ಮಿ ಬಂದರು. ಕಂಡಕ್ಟರು ಮಾತ್ರ ತಡೆಯಲಾಗದೆ, "ಇದಾರೆ ತಾಯಿ. ಬಾಯಿಗೆ ಕೈ ಹಾಕಿದೀರಲ್ಲ, ಅವ್ರೇ" ಎಂದುಬಿಟ್ಟರು.

ದಂತವೈದ್ಯರ ಮುಖ ಕಿವಿಯವರೆಗೆ ಕೆಂಪಾಯಿತು. ಡಾಕ್ಟರು ಕನ್ನಡಿ ಹೊರತೆಗೆದು, ಮುಖವಸ್ತ್ರ ಇಳಿಸಿ, ಕುರ್ಚಿಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಹದಿಮೂರು ಬಾಯಿ ನೋಡ್ದೆ. ಮೇಲ್ದವಡೆ ಸೆಟ್ಟು ಬೇಕಾಗಿರೋರು ಒಬ್ರೂ ಇಲ್ಲ. ಏನಿದು?"

ಷರತ್ತಪ್ಪನವರು ಎದ್ದು ನಿಂತರು. ಗೋಡೆಯಿಂದ ಇನ್ನೂ ಪೂರ್ತಿ ತಿರುಗಿರಲಿಲ್ಲ. "ಹದಿನಾಲ್ಕೂ ನಂದೇ ಡಾಕ್ಟ್ರೇ," ಎಂದರು. ಸೆಟ್ಟನ್ನು ಒಂದು ಎಂದು ಬರೆಯಬಾರದೆಂಬ ನಿಯಮ, ಸ್ಪ್ಯಾನರ್ ಪೆಟ್ಟಿಗೆ, ನಾಲ್ಕು ವರ್ಷದ ವಿಚಾರಣೆ, ಎಲ್ಲವನ್ನೂ ಹೇಳಿದರು. "ಸೆಟ್ಟಲ್ಲಿ ಹದಿನಾಲ್ಕು ಇರ್ಬೇಕಲ್ವಾ. ಎಣಿಸದೆ ಹೇಗೆ ಬರೆಯೋದು? ನೀವು ಸಿಟ್ಟಾಗಿ ಹೋಗ್ಬಿಟ್ರೆ ಅಂತ ಹೆದರಿ ಇವ್ರನ್ನೆಲ್ಲ ಕೂರಿಸ್ದೆ. ಇವ್ರ ತಪ್ಪೇನೂ ಇಲ್ಲ. ಬೇಕಾಗಿರೋದು ನಂಗೊಬ್ಬನಿಗೇ."

ಡಾಕ್ಟರ ಭುಜ ಮೊದಲು ಅಲುಗಿತು. ಆಮೇಲೆ ತಲೆಯ ದೀಪ ಅಲುಗಿತು. ಆಮೇಲೆ ಪೆಟ್ಟಿಗೆಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅತ್ತೆ ನೀರು ತರಿಸಿಕೊಟ್ಟರು.

"ಸರ್, ಬಿಡಿಭಾಗ ಸಿಗುತ್ತಾ, ಸ್ಕ್ರೂವಿನ ಬ್ಯಾಚ್ ನಂಬರ್ ಕೊಡ್ತೀರಾ ಅಂತ ಹತ್ತು ವರ್ಷದಲ್ಲಿ ಒಬ್ಬ ರೋಗೀನೂ ನನ್ನ ಕೇಳಿರ್ಲಿಲ್ಲ. ಯಾರೋ ತುಂಬಾ ತಿಳಿದೋರು ಅಂತ್ಕೊಂಡು ಎರಡು ರಾತ್ರಿ ಕೂತು ಉತ್ತರ ಬರೆದೆ. ಉತ್ತರ ಒಪ್ಪಿಗೆ ಆಯ್ತಾ?"

ಷರತ್ತಪ್ಪನವರು ಹೆಂಡತಿಯ ಕಡೆ ನೋಡಿದರು.

"ಒಪ್ಪಿಗೆ," ಎಂದರು ಹೆಂಡತಿ. "ಇಪ್ಪತ್ನಾಲ್ಕನೇ ಉತ್ತರ ಒಂದು ಬಿಟ್ಟು. ಗ್ಯಾರಂಟಿ ಐದು ವರ್ಷ ಅಂದಿದೀರಿ, ಹೋಗಿಬರೋ ಖರ್ಚು ಯಾರ್ದು ಅಂತ ಬರೆದಿಲ್ಲ."

"ನಿಮ್ದೇ. ಅದನ್ನ ಬರೀಬೇಕಿತ್ತು, ತಪ್ಪು ನಂದು. ಬರೆದು ಕಳಿಸ್ತೀನಿ." ಅಲ್ಲಿಂದ ಮುಂದೆ ಡಾಕ್ಟರು ಮಾತಾಡಿದ್ದೆಲ್ಲ ಹೆಂಡತಿಯ ಜೊತೆಗೇ. "ಅಮ್ಮಾ, ಇವ್ರು ನನ್ನ ನಲವತ್ತೊಂದು ಕೇಳಿದ್ರು. ನಾನು ಕೇಳೋದು ಒಂದೇ. ಸಕ್ಕರೆ ಇದ್ಯಾ?"

"ಆ ಪ್ರಶ್ನೆ ನನ್ನ ಪಟ್ಟೀಲಿಲ್ಲ," ಎಂದರು ಷರತ್ತಪ್ಪನವರು.

"ನನ್ನ ಪಟ್ಟೀಲಿದೆ."

ಹೆಂಡತಿ ಡಬ್ಬದಿಂದ ವರದಿ ತಂದರು. ಮೂರು ತಿಂಗಳ ಸರಾಸರಿ ಒಂಬತ್ತೂವರೆ. ಡಾಕ್ಟರ ನಗು ನಿಂತಿತು. "ಇಷ್ಟಿದ್ರೆ ಗಾಯ ಮಾಗಲ್ಲ, ಸ್ಕ್ರೂ ಮೂಳೆಗೆ ಹಿಡಿಯೋದು ಕಷ್ಟ. ಇದನ್ನ ಮುಚ್ಚಿಟ್ಕೊಂಡು ಬಂದಿದ್ರೆ ಅಲ್ಲಿಂದಲೇ ವಾಪಸ್ ಕಳಿಸ್ತಿದ್ದೆ. ಏಳರ ಹತ್ರ ತನ್ನಿ, ಆಮೇಲೆ ಟಿಕೆಟ್ ತಗೊಳಿ. ಮತ್ತೆ ಇಲ್ಲಿ ನೋಡ್ಕೊಳೋ ಡೆಂಟಿಸ್ಟ್ ಸಹಿ?"

ಎಲ್ಲರೂ ಹದಿಮೂರನೆಯ ಕುರ್ಚಿಯ ಕಡೆ ತಿರುಗಿದರು. ದಂತವೈದ್ಯರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಸಹಿ ಹಾಕದೆ ಹೊರಗೆ ಹೋದರೆ ಹುಳುಕಿನ ಸುದ್ದಿ ತಮಗಿಂತ ಮೊದಲು ಮೂರನೇ ತಿರುವು ತಲುಪುತ್ತದೆಂದು ಅವರಿಗೆ ಗೊತ್ತಿತ್ತು. ಕಂಡಕ್ಟರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

"ಹಾಕ್ತೀನಿ," ಎಂದರು. "ಎರಡು ಷರತ್ತು. ಆರು ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು. ಬಂದಾಗ ಏನೂ ಕೇಳಬಾರ್ದು."

ಷರತ್ತಪ್ಪನವರು ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಷರತ್ತಿಗೆ ಒಪ್ಪಿದರು. ಡಾಕ್ಟರು ಹೋಗುವ ಮೊದಲು ದಂತವೈದ್ಯರ ಹುಳುಕನ್ನು ಅವರದೇ ಕ್ಲಿನಿಕ್ಕಿನಲ್ಲಿ, ಅವರದೇ ಕುರ್ಚಿಯಲ್ಲಿ ಕೂರಿಸಿ ತುಂಬಿದರು. ಮುಖ್ಯ ಇಂಜಿನಿಯರದನ್ನೂ. ಅವರ ಕೂಗು ಮುಖ್ಯರಸ್ತೆಯವರೆಗೆ ಕೇಳಿಸಿತೆಂದು ಅಂಚೆಯವರ ಹೇಳಿಕೆ.

ಮುಂದಿನ ಐದು ತಿಂಗಳು ಷರತ್ತಪ್ಪನವರ ಸಕ್ಕರೆ ಇಡೀ ಬೀದಿಯ ಹೊಣೆಯಾಯಿತು. ಬೆಳಿಗ್ಗೆ ಬಾಮೈದ ಮೈದಾನದಲ್ಲಿ ಎಂಟು ಸುತ್ತು ನಡೆಸುತ್ತಿದ್ದ. ಬೇಕರಿಯ ಮುಂದೆ ಅವರ ಹೆಜ್ಜೆ ನಿಧಾನವಾದರೆ ಕಂಡಕ್ಟರು ಎಲ್ಲಿದ್ದರೂ ಸೀಟಿ ಊದುತ್ತಿದ್ದರು, ಬಸ್ಸು ಮುಂದೆ ಹೋಗಲಿ ಎಂಬಂತೆ. ಬೇಕರಿ ಯಜಮಾನ್ತಿ ತಮ್ಮ ವ್ಯಾಪಾರಕ್ಕೆ ತಾವೇ ಅಡ್ಡಿಯಾಗಿ, "ನಿಮ್ಗೆ ಕೊಡಲ್ಲ, ನಡೀರಿ ಸಾರ್" ಎಂದು ಗದರುತ್ತಿದ್ದರು. ಸರಾಸರಿ ಏಳಕ್ಕೆ ಇಳಿದ ದಿನ ವರದಿಯನ್ನು ಅತ್ತೆ ಎಲ್ಲ ಮನೆಗೂ ಒಯ್ದು ತೋರಿಸಿದರು. ಮುಖ್ಯ ಇಂಜಿನಿಯರು ಹತ್ತು ದಿನದ ಅರ್ಜಿ ಹರಿದು, ಎರಡು ಕಂತಿನ ರಜೆ ಮಂಜೂರು ಮಾಡಿದರು.

ಮೊದಲ ಸಲ ಹೋದಾಗ ಆರು ಹಲ್ಲು ಹೋಗಿ ಆರು ಸ್ಕ್ರೂ ಬಂದವು. ಮೂಳೆ ಹಿಡಿಯುವವರೆಗೆ ತಾತ್ಕಾಲಿಕ ಸಾಲು, ಮೆತ್ತಗಿನ ಊಟ. ಐದು ತಿಂಗಳ ನಂತರ ಎರಡನೇ ಸಲ ಹೋದರು. ಎರಡೂ ಸಲ ಹೆಂಡತಿ ಜೊತೆಗಿದ್ದರು, ಹತ್ತೊಂಬತ್ತು ಪುಟವೂ.

ಖಾಯಂ ಸಾಲು ಕೂರಿಸಿ ಮುಗಿದ ಮಧ್ಯಾಹ್ನ ಡಾಕ್ಟರು ಕುರ್ಚಿ ಎತ್ತರಿಸಿ, ಕೈಗನ್ನಡಿ ಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ ಮೊದಲು ನಕ್ಕು ನೋಡುತ್ತಿದ್ದರು. ಷರತ್ತಪ್ಪನವರು ತೋರುಬೆರಳಿನಿಂದ ಎಣಿಸಿದರು. ಎಡದಿಂದ ಬಲಕ್ಕೆ, ಆಮೇಲೆ ಬಲದಿಂದ ಎಡಕ್ಕೆ. ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದರು. ಸರಕು ಎಣಿಸಿ ಪಡೆದಿದೆಯೆಂದು ಉಗ್ರಾಣಾಧಿಕಾರಿ ಸಹಿ ಹಾಕುವ ರಸೀದಿ.

"ಡಾಕ್ಟ್ರೇ, ಹನ್ನೆರಡೇ ಇವೆ. ಎರಡು ಕಡಿಮೆ ಬಂದಿದೆ."

ಮೂಲೆಯ ಸ್ಟೂಲಿನ ಮೇಲೆ ಕೂತು ವಾರಪತ್ರಿಕೆ ನೋಡುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಹದಿನೇಳ್ನೇ ಉತ್ತರ. ತೀರಾ ಹಿಂದಿನ ಎರಡು ದವಡೆಹಲ್ಲು ಇವ್ರು ಹಾಕಲ್ಲ. ಅಲ್ಲಿ ಕೆಳಗೆ ಸ್ಕ್ರೂ ಇಲ್ಲ, ಅಗಿಯೋ ಭಾರ ಬಿದ್ರೆ ಮುಂದಿಂದಕ್ಕೆ ಪೆಟ್ಟು. ಹನ್ನೆರಡೇ ಸರಿ."

ಷರತ್ತಪ್ಪನವರು ಆಕ್ಷೇಪಣೆಗೆ ಬಾಯಿ ತೆರೆದರು. ನಮೂನೆ ಹನ್ನೊಂದು, ಸ್ಪ್ಯಾನರ್, ವಿಚಾರಣೆ, ಇಪ್ಪತ್ತೊಂಬತ್ತು ವರ್ಷದ ಅನುಭವ, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಹೆಂಡತಿ ಪುಟ ತಿರುವಿದರು. ಷರತ್ತಪ್ಪನವರು ಬಾಯಿ ಮುಚ್ಚಿದರು.

ಟಕ್.

ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ನೇರವಾಗಿ, ಒಂದು ಕೂದಲೆಳೆಯೂ ಆಚೀಚೆ ಇಲ್ಲದೆ ಕೂತಿತ್ತು. ಹೊಸ ವಾಲ್ವು ಕೂರುವ ಹಾಗೆ. ಷರತ್ತಪ್ಪನವರು ಕಣ್ಣರಳಿಸಿದರು. ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಟಕ್.

"ಏನಾದ್ರೂ ತೊಂದ್ರೆ ಇದ್ಯಾ ಸರ್?" ಎಂದು ಡಾಕ್ಟರು ಕೇಳಿದರು.

"ಏನಿಲ್ಲ." ಟಕ್.

"ರೀ, ಸಾಕು ಏಳಿ. ಹೊರಗೆ ಬೇರೆ ಜನ ಕಾಯ್ತಿದಾರೆ."

"ಇರೇ, ಒಂದ್ನಿಮಿಷ," ಎಂದರು ಷರತ್ತಪ್ಪನವರು.

ಟಕ್.